ಹಡಗಿನಲ್ಲಿ ವಾಂತಿ-ಭೇದಿ ಯಾಕೆ ಹಬ್ಬುತ್ತದೆ? ಕಡಲಿಗೂ ಅದಕ್ಕೂ ಏನು ಸಂಬಂಧ?

ನಮ್ಮ ಓಣಿಯ ಹುಡುಗನೊಬ್ಬ ಕ್ರೂಸ್ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಹುಬ್ಬಳ್ಳಿಯಲ್ಲೇ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಎರಡು ವರ್ಷ ಗೋವಾದಲ್ಲಿ ದುಡಿದು ಆಮೇಲೆ ಹಡಗು ಹತ್ತಿದ. ಹೋದ ಸಲ ರಜೆಗೆ ಬಂದಾಗ ಅವನ ತಾಯಿ ಚಹಾ ತಂದಿಟ್ಟು, "ಇವನ ಕೈ ನೋಡ್ರಿ ಒಮ್ಮೆ" ಅಂದರು. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಬೆಳ್ಳಗಾಗಿತ್ತು.

"ಏನಪಾ ಇದು?"

"ಕ್ಲೋರಿನ್ ರೀ ಕಾಕಾ. ಮೆಟ್ಟಿಲ ಕಂಬಿ, ಬಾಗಿಲ ಹಿಡಿಕಿ, ಲಿಫ್ಟಿನ ಬಟನ್, ಎಲ್ಲಾ ಒರಸೂದ ನನ್ನ ಕೆಲಸ. ಯಾರಿಗರೆ ವಾಂತಿ ಸುರು ಆತಂದ್ರ ಮತ್ತ ಮತ್ತ ಒರಸಬೇಕು."

ತಾಯಿಗೆ ನಂಬಿಕೆಯೇ ಬರಲಿಲ್ಲ. "ಅಷ್ಟ ದೊಡ್ಡ ಹಡಗ, ಅಷ್ಟ ರೊಕ್ಕಾ ಕೊಟ್ಟ ಬಂದ ಮಂದಿ. ಅಲ್ಲೂ ವಾಂತಿ-ಭೇದಿನ?"

ಒಳ್ಳೆಯ ಪ್ರಶ್ನೆ ಅದು. ಇದನ್ನು ಬರೆಯಲು ಕೂತದ್ದೇ ಆ ಪ್ರಶ್ನೆಗಾಗಿ.

ಹಡಗಿನ ವಾಂತಿ-ಭೇದಿಗೆ ಹೆಚ್ಚಿನ ಸಲ ಕಾರಣ ನೊರೊವೈರಸ್. ಈ ಹೆಸರು ಬಂದದ್ದು ಒಂದು ಶಾಲೆಯಿಂದ. 1968ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೂ ಶಿಕ್ಷಕರೂ ಒಟ್ಟೊಟ್ಟಿಗೆ ವಾಂತಿಗೆ ಬಿದ್ದರು. ಏನು ರೋಗ ಅಂತ ಆಗ ತಿಳಿಯಲಿಲ್ಲ. ಆದರೆ ಮಾದರಿಗಳನ್ನು ಜೋಪಾನವಾಗಿ ಎತ್ತಿಟ್ಟಿದ್ದರು. 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ವೈರಸ್ಸನ್ನು ಕಂಡುಹಿಡಿದರು. ನಾರ್ವಾಕ್ ಹೋಗಿ ನೊರೊ ಆಯಿತು.

ಈ ವೈರಸ್ಸಿನ ಬಲ ಇರುವುದು ಲೆಕ್ಕದಲ್ಲಿ. ರೋಗಿಯ ಒಂದು ಗ್ರಾಂ ಮಲದಲ್ಲಿ ನೂರಾರು ಕೋಟಿ ಕಣಗಳು ಇರಬಹುದು. ಇನ್ನೊಬ್ಬರಿಗೆ ರೋಗ ತಗುಲಲು ನೂರಕ್ಕಿಂತ ಕಡಿಮೆ ಕಣ ಸಾಕು. ಅಂದರೆ ಕಣ್ಣಿಗೆ ಕಾಣದಷ್ಟು ಕೊಳೆ ಸಾಕು. ಮೈಗೆ ಹೊಕ್ಕ ಮೇಲೆ 12ರಿಂದ 48 ತಾಸು ಸುಮ್ಮನಿರುತ್ತದೆ. ಆಮೇಲೆ ಒಮ್ಮೆಲೇ ವಾಂತಿ, ಭೇದಿ. ಒಂದರಿಂದ ಮೂರು ದಿನದಲ್ಲಿ ಹೆಚ್ಚಿನವರು ಎದ್ದು ಓಡಾಡುತ್ತಾರೆ. ಕಷ್ಟ ಇರುವುದೇ ಇಲ್ಲಿ. ಆರಾಮಾದೆ ಅಂದುಕೊಂಡವರ ಹೊಟ್ಟೆಯಿಂದ ಎರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ದಿನ, ವೈರಸ್ ಹೊರಬೀಳುತ್ತಲೇ ಇರುತ್ತದೆ. ಅಷ್ಟರಲ್ಲಿ ಅಡುಗೆಯವನು ಕೆಲಸಕ್ಕೆ ಮರಳಿರುತ್ತಾನೆ. ಅವನಿಗೆ ರಜೆಯ ಸಂಬಳ ಸಿಗದಿದ್ದರಂತೂ ಇನ್ನೂ ಬೇಗ ಮರಳಿರುತ್ತಾನೆ.

ಇನ್ನೊಂದು ಮಾತು. ಕೋವಿಡ್ ವೈರಸ್ಸಿಗೆ ಮೇಲೊಂದು ಕೊಬ್ಬಿನ ಹೊದಿಕೆ ಇದೆ. ಸ್ಯಾನಿಟೈಸರ್ ಹಚ್ಚಿದರೆ ಆ ಹೊದಿಕೆ ಕರಗಿ ವೈರಸ್ ಸಾಯುತ್ತದೆ. ನೊರೊವೈರಸ್ಸಿಗೆ ಆ ಹೊದಿಕೆಯೇ ಇಲ್ಲ. ಬರೀ ಪ್ರೋಟೀನಿನ ಗಟ್ಟಿ ಚಿಪ್ಪು. ಹಾಗಾಗಿ ಸ್ಯಾನಿಟೈಸರ್ ಅದಕ್ಕೆ ಅಷ್ಟಾಗಿ ನಾಟುವುದಿಲ್ಲ. ಸಾಬೂನು ಹಚ್ಚಿ, ಉಜ್ಜಿ, ಹರಿಯುವ ನೀರಲ್ಲಿ ತೊಳೆದರೆ ಕೈಯಿಂದ ಜಾರಿ ಹೋಗುತ್ತದೆ. ಕಂಬಿ, ಹಿಡಿಕೆ, ನೆಲಕ್ಕೆ ಕ್ಲೋರಿನ್ನೇ ಬೇಕು, ಅದೂ ಗಟ್ಟಿಯಾಗಿ. ನಮ್ಮ ಹುಡುಗನ ಕೈ ಸುಲಿದದ್ದು ಅದಕ್ಕೇ.

ಈಗ ನಮ್ಮ ಕಡೆಯ ಒಂದು ಮದುವೆ ನೆನಪಿಸಿಕೊಳ್ಳಿ. ಬಫೆ ಊಟ. ಎಣ್ಣೆಗಾಯಿ ಪಲ್ಯದ ಪಾತ್ರೆಯಲ್ಲಿ ಒಂದೇ ಸೌಟು. ನಾನೂರು ಜನ ಅದೇ ಸೌಟು ಹಿಡಿಯುತ್ತಾರೆ, ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಾರೆ. ಪಂಕ್ತಿಯಲ್ಲಿ ಕೂತು ಉಣ್ಣುವಾಗ ಬಡಿಸುವವರ ಕೈ ಮಾತ್ರ ಸೌಟಿನ ಮೇಲೆ ಇರುತ್ತಿತ್ತು. ಹಡಗೂ ಹಾಗೇ, ಆದರೆ ಅಲ್ಲಿ ಏಳು ದಿನದ ಮದುವೆ. ಮೂರು ನಾಲ್ಕು ಸಾವಿರ ಜನ ಅದೇ ಕಂಬಿ ಹಿಡಿದು, ಅದೇ ಸೌಟು ಮುಟ್ಟಿ, ಅದೇ ಶೌಚಾಲಯಕ್ಕೆ ಹೋಗಿ ಬರುತ್ತಾರೆ. ಮದುವೆ ಮುಗಿದ ಮೇಲೆ ನಾವು ಬಸ್ ಹತ್ತಿ ಊರಿಗೆ ಹೋಗುತ್ತೇವೆ. ಅಲ್ಲಿ ಹೋಗಲು ಜಾಗವಿಲ್ಲ.

ಹಡಗಿನ ಶೌಚಾಲಯಗಳ ಬಗ್ಗೆ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಸಂಶೋಧಕರು ಮೂರು ವರ್ಷದಲ್ಲಿ 56 ಹಡಗುಗಳ ಸಾರ್ವಜನಿಕ ಶೌಚಾಲಯಗಳಲ್ಲಿ ಕಣ್ಣಿಗೆ ಕಾಣದ ಒಂದು ದ್ರವದಿಂದ ಸಣ್ಣ ಚುಕ್ಕಿ ಇಡಿಸಿದರು. ಬಾಗಿಲ ಹಿಡಿಕೆ, ಫ್ಲಶ್ ಗುಂಡಿ, ಸೀಟು, ಮಗುವಿನ ಬಟ್ಟೆ ಬದಲಿಸುವ ಹಲಗೆ, ಎಲ್ಲ ಕಡೆ. ಒರೆಸಿದರೆ ಚುಕ್ಕಿ ಹೋಗುತ್ತದೆ. ಒರೆಸದಿದ್ದರೆ ನೇರಳಾತೀತ ಬೆಳಕಿನಲ್ಲಿ ಮಿಂಚುತ್ತದೆ. ಹೀಗೆ 8,344 ಜಾಗ ನೋಡಿದರು. ದಿನವೂ ಒರೆಸಿದ್ದು ಶೇ. 37 ಮಾತ್ರ. ಕಣ್ಣಿಗೆ ಎಲ್ಲವೂ ಫಳಫಳ ಹೊಳೆಯುತ್ತಿದ್ದ ಶೌಚಾಲಯಗಳು ಅವು. ಸೀಟನ್ನು ಚೆನ್ನಾಗಿಯೇ ಒರೆಸಿದ್ದರು, ಕೊಳಕು ಇರುವುದು ಅಲ್ಲೇ ಅಂತ ಎಲ್ಲರಿಗೂ ಅನಿಸುತ್ತದೆ, ಅಲ್ವಾ? ಮಗುವಿನ ಹಲಗೆ ಎಲ್ಲಕ್ಕಿಂತ ಹಿಂದೆ ಬಿದ್ದಿತ್ತು.

ಈ ಸುದ್ದಿ ಹೇಳಿದಾಗ ಹುಡುಗ ತಕ್ಷಣ ಅಂದ: "ಕಾಕಾ, ಒಬ್ಬಾವಗ ಎಷ್ಟ ಶೌಚಾಲಯ ಕೊಟ್ಟಾರ ಅನ್ನೂದನೂ ಎಣಸಬೇಕಲ್ರಿ." ಅವನ ಮಾತಿನಲ್ಲಿ ಸತ್ಯವಿದೆ. ಒರೆಸುವವನ ಸೋಮಾರಿತನ ಅಂತ ಮುಗಿಸಿಬಿಡುವುದು ಸುಲಭ. ಅವನ ಪಾಳಿ ಎಷ್ಟು ತಾಸು, ಅವನ ಕೈಗೆ ಗ್ಲೌಸ್ ಇದೆಯೋ ಇಲ್ಲವೋ, ಅದನ್ನೂ ಕೇಳಬೇಕು.

2002ರಲ್ಲಿ ಒಂದು ಹಡಗಿನಲ್ಲಿ ಸತತ ಆರು ಪ್ರಯಾಣಗಳಲ್ಲಿ ನೊರೊವೈರಸ್ ಕಾಣಿಸಿಕೊಂಡಿತು. ನಡುವೆ ಒಂದು ವಾರ ಹಡಗು ನಿಲ್ಲಿಸಿ ಪೂರ್ತಿ ತೊಳೆದಿದ್ದರು. ಆದರೂ ಹೋಗಲಿಲ್ಲ. ಹಳೇ ಪ್ರಯಾಣಿಕರು ಇಳಿದರೂ ಹಡಗು ಅದೇ, ಸಿಬ್ಬಂದಿಯೂ ಅವರೇ.

ಹಾಗಾದರೆ ಹಡಗು ರೋಗದ ಗೂಡೇ? ಇಲ್ಲೊಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಅಮೆರಿಕದಲ್ಲಿ ವರದಿಯಾಗುವ ಎಲ್ಲ ನೊರೊವೈರಸ್ ಹಾವಳಿಗಳಲ್ಲಿ ಹಡಗಿನ ಪಾಲು ಶೇ. 1 ಮಾತ್ರ. ಮತ್ತೆ ಯಾಕೆ ಪೇಪರಿನಲ್ಲಿ ಬರೀ ಹಡಗಿನ ಸುದ್ದಿ? ಯಾಕೆಂದರೆ ಅಲ್ಲಿ ಎಣಿಸುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 1970ರ ದಶಕದಿಂದ ಇದಕ್ಕಾಗಿಯೇ ಒಂದು ವಿಭಾಗ ನಡೆಸುತ್ತಿದೆ. ಅಲ್ಲಿನ ಬಂದರಿಗೆ ಬರುವ ಹಡಗು ಮುಟ್ಟುವ ಮೊದಲೇ ಎಷ್ಟು ಜನರಿಗೆ ವಾಂತಿ-ಭೇದಿ ಅಂತ ಲೆಕ್ಕ ಕೊಡಬೇಕು. ಪ್ರಯಾಣಿಕರಲ್ಲೋ ಸಿಬ್ಬಂದಿಯಲ್ಲೋ ಶೇ. 3 ದಾಟಿದರೆ ಹಡಗಿನ ಹೆಸರು ಹಾಕಿ ಬಹಿರಂಗ ಮಾಡುತ್ತಾರೆ. ತಪಾಸಣೆಗೆ ನೂರು ಅಂಕ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್.

ನಮ್ಮ ಮದುವೆಯಲ್ಲಿ ನಾನೂರು ಜನ ಉಂಡು ಹೋದರು ಅಂತಿಟ್ಟುಕೊಳ್ಳಿ. ಮರುದಿನ ಗದಗಿನಲ್ಲಿ ಇಬ್ಬರಿಗೆ, ಹಾವೇರಿಯಲ್ಲಿ ನಾಲ್ವರಿಗೆ, ಧಾರವಾಡದಲ್ಲಿ ಐದು ಜನರಿಗೆ ಹೊಟ್ಟೆ ಕೆಟ್ಟರೆ ಯಾರು ಕೂಡಿಸುತ್ತಾರೆ? "ಎಣ್ಣಿ ಸರಿ ಇರಲಿಲ್ಲ" ಅಂತ ಒಬ್ಬರು, "ಬಿಸಿಲು ಜಾಸ್ತಿ" ಅಂತ ಇನ್ನೊಬ್ಬರು. ಒಂದು ಓಆರ್‌ಎಸ್ ಪಾಕೀಟು ಕುಡಿದು ಮರೆಯುತ್ತೇವೆ. ಹಡಗಿನಲ್ಲಿ ಯಾರು ಯಾವ ಕೋಣೆ, ಯಾವ ಮೇಜು, ಏನು ತಿಂದರು ಎಲ್ಲ ಬರೆದಿಟ್ಟಿರುತ್ತದೆ. ಅದಕ್ಕೇ ವಿಜ್ಞಾನಿಗಳಿಗೆ ಹಡಗು ಅಂದರೆ ಅಷ್ಟು ಬೆಲೆ. ಊರಲ್ಲಿ ಚದುರಿಹೋಗುವ ರೋಗ ಅಲ್ಲಿ ಗಾಜಿನ ಭರಣಿಯಲ್ಲಿಟ್ಟಂತೆ ಕಾಣುತ್ತದೆ.

2020ರ ಫೆಬ್ರವರಿಯಲ್ಲಿ ಇಡೀ ಜಗತ್ತು ಆ ಭರಣಿಯೊಳಗೆ ನೋಡಿತು. ಜಪಾನಿನ ಯೊಕೊಹಾಮಾ ಬಂದರಿನಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗು ನಿಂತಿತ್ತು. ಒಳಗೆ 3,711 ಜನ. ಜನವರಿ 25ರಂದು ಹಾಂಗ್‌ಕಾಂಗ್‌ನಲ್ಲಿ ಇಳಿದಿದ್ದ ಒಬ್ಬ ಪ್ರಯಾಣಿಕನಿಗೆ ಕೋವಿಡ್ ಇತ್ತು ಅಂತ ತಿಳಿದದ್ದು ಆಮೇಲೆ. ಕೊನೆಗೆ 712 ಜನರಿಗೆ ಸೋಂಕು. ಪರೀಕ್ಷೆ ಮಾಡಿದ ಹೊತ್ತಿಗೆ ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ಕೆಮ್ಮೂ ಇರಲಿಲ್ಲ, ಜ್ವರವೂ ಇರಲಿಲ್ಲ. ಲಕ್ಷಣವೇ ಇಲ್ಲದವರಲ್ಲೂ ಈ ವೈರಸ್ ಇಷ್ಟು ದೊಡ್ಡ ಪ್ರಮಾಣದಲ್ಲಿ ಇರುತ್ತದೆ ಎಂಬುದು ಸ್ಪಷ್ಟವಾಗಿ ಗೊತ್ತಾದದ್ದು ಆ ಹಡಗಿನಿಂದ. ಹಡಗಿನಲ್ಲಿದ್ದ ಎಲ್ಲರ ಪರೀಕ್ಷೆಗೂ ಕೈಹಾಕಿದ್ದರಿಂದ ಅದು ಸಾಧ್ಯವಾಯಿತು.

ನನ್ನನ್ನು ಕಾಡುವುದು ಅದೇ ಹಡಗಿನ ಇನ್ನೊಂದು ಲೆಕ್ಕ. ಪ್ರಯಾಣಿಕರನ್ನು ಕೋಣೆಯಲ್ಲಿ ಕೂಡಿಸಿದರು. ಅವರಿಗೆ ಊಟ ಮಾಡಿ ಕೊಡುವವರು ಬೇಕಲ್ಲ? ಸಿಬ್ಬಂದಿ ಕೆಲಸ ಮುಂದುವರಿಸಿದರು. ಸಿಬ್ಬಂದಿಯ ಮೊದಲ 20 ಪ್ರಕರಣ ತೆಗೆದು ನೋಡಿದರೆ 15 ಮಂದಿ ಆಹಾರ ವಿಭಾಗದವರು, 16 ಮಂದಿ ಮಲಗುತ್ತಿದ್ದದ್ದು ಒಂದೇ ಮಹಡಿಯಲ್ಲಿ. ಆ ಹಡಗಿನಲ್ಲಿ 138 ಭಾರತೀಯರಿದ್ದರು, 132 ಮಂದಿ ಸಿಬ್ಬಂದಿ. ಆ ದಿನಗಳಲ್ಲಿ ಟಿವಿ ಮುಂದೆ ಕೂತಿದ್ದ ತಾಯಂದಿರು ಎಷ್ಟು ಮಂದಿಯೋ.

ಇಲ್ಲಿಯತನಕ ಹೇಳಿದ್ದೆಲ್ಲ ಮನುಷ್ಯರೇ ಹೊತ್ತು ತಂದ ರೋಗ. ಹಡಗೇ ಸಾಕುವ ರೋಗವೂ ಒಂದಿದೆ, ಲೀಜನೆಲ್ಲಾ. ಬೆಚ್ಚಗಿನ ನಿಂತ ನೀರಲ್ಲಿ, ಪೈಪಿನ ಒಳಗಿನ ಪಾಚಿಯಂಥ ಲೋಳೆಯಲ್ಲಿ ಬೆಳೆಯುವ ಬ್ಯಾಕ್ಟೀರಿಯಾ. ತುಂತುರಿನ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ. 1994ರಲ್ಲಿ ಒಂದು ಹಡಗಿನ ಬಿಸಿನೀರಿನ ಸುಳಿತೊಟ್ಟಿಯಿಂದ ಒಂಬತ್ತು ಪ್ರಯಾಣಗಳಲ್ಲಿ 50 ಜನರಿಗೆ ಬಂತು. ತೊಟ್ಟಿಗೆ ಇಳಿಯದೆ ಸುಮ್ನೆ ಪಕ್ಕದಲ್ಲಿ ಕಾಲ ಕಳೆದವರಿಗೂ ಅಪಾಯ ಹೆಚ್ಚಿತ್ತು.

ಇನ್ನು ಕಡಲಿನದೇ ರೋಗ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು.

2004ರ ಬೇಸಿಗೆಯಲ್ಲಿ ಅಲಾಸ್ಕಾಕ್ಕೆ ಹೋದ ಒಂದು ಕ್ರೂಸ್ ಹಡಗಿನ ಪ್ರಯಾಣಿಕರಿಗೆ ಹೊಟ್ಟೆ ಕೆಟ್ಟಿತು. ಎಲ್ಲರೂ ಮೊದಲು ಯೋಚಿಸಿದ್ದು ನೊರೊವೈರಸ್ ಇರಬಹುದು ಅಂತ ಇದ್ದರೆ ಆಶ್ಚರ್ಯವಿಲ್ಲ. ಮಾದರಿಯಲ್ಲಿ ಸಿಕ್ಕಿದ್ದು ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್. ಕಾಲರಾ ಬ್ಯಾಕ್ಟೀರಿಯಾದ ದಾಯಾದಿ ಇದು, ಉಪ್ಪು ನೀರೇ ಇದರ ಮನೆ. ತನಿಖೆ ಮಾಡುತ್ತಾ ಹೋದಂತೆ ಅದು ಬಂದದ್ದು ಹಸಿ ಆಯ್ಸ್ಟರ್‌ನಿಂದ ಅಂತ ತಿಳಿಯಿತು. ಆಯ್ಸ್ಟರ್ ಅಂದರೆ ಕಾರವಾರದ ಕಡೆ ಕಾಲ್ವ ಎನ್ನುವ ಚಿಪ್ಪಿನ ಜೀವಿ. ನಾವು ಬಯಲುಸೀಮೆಯವರು ಅಷ್ಟಾಗಿ ಕಂಡಿಲ್ಲ. ಅದು ನೀರನ್ನು ಎಳೆದುಕೊಂಡು, ಸೋಸಿ, ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ದಿನಕ್ಕೆ ನೂರು ಲೀಟರ್ ದಾಟಿ ಸೋಸಬಲ್ಲದು. ನೀರಲ್ಲಿ ಚೂರುಪಾರು ಇರುವ ಸೂಕ್ಷ್ಮಜೀವಿ ಅದರ ಹೊಟ್ಟೆಯಲ್ಲಿ ರಾಶಿ ಬೀಳುತ್ತದೆ. ಅದನ್ನು ಹಸಿಯಾಗಿಯೇ ನುಂಗುವುದು ಅಲ್ಲಿನ ರೂಢಿ. ಹಡಗಿನಲ್ಲಿ ಹಸಿ ಆಯ್ಸ್ಟರ್ ತಿಂದವರಲ್ಲಿ ಶೇ. 29 ಜನರಿಗೆ ರೋಗ ಬಂದಿತ್ತು. ಹೊರಗಿನವರೂ ಸೇರಿ ಪತ್ತೆಯಾದ ರೋಗಿಗಳು 62.

ಅಲಾಸ್ಕಾದ ನೀರು ತೀರಾ ತಣ್ಣಗೆ, ಈ ಬ್ಯಾಕ್ಟೀರಿಯಾ ಅಲ್ಲಿ ಇರಲಾರದು ಅಂತ ಅಲ್ಲಿಯವರೆಗೆ ನಂಬಿದ್ದರು. ಅದಕ್ಕೆ 15 ಡಿಗ್ರಿಗಿಂತ ಬೆಚ್ಚಗಿನ ನೀರು ಬೇಕು. ಆಯ್ಸ್ಟರ್ ಸಾಕುವವರು ವರ್ಷಗಳಿಂದ ನೀರಿನ ತಾಪ ಬರೆದಿಟ್ಟಿದ್ದರು. ಆ ದಾಖಲೆ ತೆಗೆದು ನೋಡಿದರೆ, 1997ರಿಂದ ಜುಲೈ-ಆಗಸ್ಟ್ ತಿಂಗಳ ಸರಾಸರಿ ತಾಪ ವರ್ಷಕ್ಕೆ 0.21 ಡಿಗ್ರಿಯಂತೆ ಏರುತ್ತಾ ಬಂದಿತ್ತು. ಆ ಎರಡು ತಿಂಗಳು ಒಂದು ದಿನವೂ 15 ಡಿಗ್ರಿಗಿಂತ ಕೆಳಗೆ ಇಳಿಯದ ವರ್ಷ ಒಂದೇ, 2004. ಈ ರೋಗ ತರುವ ಆಯ್ಸ್ಟರ್ ಅದಕ್ಕೂ ಮುಂಚೆ ಕಂಡ ಜಾಗಕ್ಕಿಂತ 1,000 ಕಿಲೋಮೀಟರ್ ಉತ್ತರಕ್ಕೆ ಸರಿದಿತ್ತು. ಒಂದು ಡಿಗ್ರಿಯ ಐದನೇ ಒಂದು ಭಾಗ ಅಂದರೆ ಕೈಗೆ ತಿಳಿಯುವುದೂ ಇಲ್ಲ. ಕಡಲಿಗೆ ತಿಳಿಯುತ್ತದೆ.

ಕಾಲರಾ ಬ್ಯಾಕ್ಟೀರಿಯಾವೂ ಹೀಗೇ ನೀರಿನ ನಿವಾಸಿ. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ದಶಕಗಳ ಕಾಲ ಇದನ್ನೇ ಬೆನ್ನು ಹತ್ತಿದರು. ಕೋಪೆಪಾಡ್ ಅಂತ ಒಂದು ಜೀವಿ ಇದೆ. ಸೀಗಡಿಯ ದೂರದ ಬಂಧು, ಸಾಸಿವೆ ಕಾಳಿಗಿಂತ ಸಣ್ಣದು. ಅದರ ಮೈಮೇಲೆ ಕಾಲರಾ ಬ್ಯಾಕ್ಟೀರಿಯಾ ಸಾವಿರಗಟ್ಟಲೆ ಅಂಟಿಕೊಂಡಿರುತ್ತದೆ. ನೀರು ಬೆಚ್ಚಗಾದರೆ ಪಾಚಿ ಹೆಚ್ಚು, ಪಾಚಿ ಹೆಚ್ಚಾದರೆ ಕೋಪೆಪಾಡ್ ಹೆಚ್ಚು, ಅದರ ಬೆನ್ನಿಗೇ ಕಾಲರಾ. ಬ್ಯಾಕ್ಟೀರಿಯಾ ಸಣ್ಣದು, ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಆದರೆ ಅದನ್ನು ಹೊತ್ತ ಕೋಪೆಪಾಡ್ ನಿಲ್ಲುತ್ತದಲ್ಲ? ಕೋಲ್ವೆಲ್ ತಂಡ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೇ ಹತ್ತಿ ಸೀರೆಯನ್ನು ನಾಲ್ಕು ಸುತ್ತು ಮಡಿಸಿ ನೀರು ಸೋಸಲು ಹೇಳಿಕೊಟ್ಟಿತು. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಕಾಲರಾ ಶೇ. 48 ಕಡಿಮೆ. ಹೊಸ ಸೀರೆಗಿಂತ ಹಳೆಯದೇ ಮೇಲು, ಯಾಕೆಂದರೆ ಒಗೆದು ಒಗೆದು ನೂಲು ಉಬ್ಬಿ ಕಿಂಡಿ ಸಣ್ಣದಾಗಿರುತ್ತದೆ. ನಮ್ಮ ಅಜ್ಜಿ ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದದ್ದು ನೆನಪಾಗಿ ಈ ಅಧ್ಯಯನ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಹಡಗಿನಿಂದ ಕಡಲಿಗೆ ಹೋಗುವುದೂ ಇದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ಆಚೆ ಹೋದರೆ, ಚಲಿಸುತ್ತಿರುವ ಹಡಗು ಶುದ್ಧ ಮಾಡದ ಶೌಚದ ನೀರನ್ನೂ ನಿಧಾನವಾಗಿ ಬಿಡಬಹುದು. ಬಾಲ್ಟಿಕ್ ಸಮುದ್ರದಲ್ಲಿ ಪ್ರಯಾಣಿಕ ಹಡಗುಗಳಿಗೆ ಆ ಸವಲತ್ತು ತೆಗೆದುಹಾಕಿದ್ದಾರೆ. ಉಳಿದ ಕಡೆಯೂ ತೆಗೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೊರೊವೈರಸ್ ಕಡಲಲ್ಲಿ ಹುಟ್ಟುವುದಿಲ್ಲ, ಮನುಷ್ಯರ ಹೊಟ್ಟೆಯಲ್ಲಿ ಹುಟ್ಟುತ್ತದೆ. ಆಯ್ಸ್ಟರ್‌ನಲ್ಲಿ ಅದು ಸಿಕ್ಕಿತು ಅಂದರೆ ಯಾರದೋ ಶೌಚದ ನೀರು ಅಲ್ಲಿಗೆ ಸೇರಿದೆ ಅಂತಲೇ ಅರ್ಥ. ಹೆಚ್ಚಿನ ಸಲ ಅದು ಹಡಗಿನದೂ ಅಲ್ಲ, ದಡದ ಊರುಗಳದು.

ಹಾಗೇ ಸರಕು ಹಡಗುಗಳ ನಿಲುಭಾರದ ನೀರು. ಖಾಲಿ ಹಡಗು ಹೊಯ್ದಾಡದಿರಲಿ ಅಂತ ಒಂದು ಬಂದರಿನಲ್ಲಿ ನೀರು ತುಂಬಿಕೊಂಡು ಇನ್ನೊಂದರಲ್ಲಿ ಚೆಲ್ಲುತ್ತಾರೆ. 1991ರಲ್ಲಿ ಪೆರು ದೇಶದಲ್ಲಿ ಕಾಲರಾ ಹಬ್ಬಿದಾಗ, ದಕ್ಷಿಣ ಅಮೆರಿಕದ ಕಡೆಯಿಂದ ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ಎಂಬ ಊರಿನ ಬಂದರಿಗೆ ಬಂದ ಕೆಲವು ಹಡಗುಗಳ ನೀರಿನಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತ್ತು. ಈ ನೀರನ್ನು ಶುದ್ಧ ಮಾಡಿಯೇ ಬಿಡಬೇಕು ಎಂಬ ಒಪ್ಪಂದ ಜಾರಿಗೆ ಬಂದದ್ದು 2017ರಲ್ಲಿ.

ಕಡಲು ನಮಗೆ ದೂರ ಅಂದುಕೊಳ್ಳುತ್ತೇವೆ. ಆದರೆ ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಅಂಕೋಲೆಯ ಕಡೆ ಅರಬ್ಬಿ ಸಮುದ್ರ ಸೇರುತ್ತದೆ. ನಾವು ಚರಂಡಿಗೆ ಬಿಟ್ಟದ್ದು ಎಲ್ಲಿಗೋ ಹೋಗಿ ಮಾಯವಾಗುವುದಿಲ್ಲ.

ಹಡಗಿನ ಕುಡಿಯುವ ನೀರಿನ ಬಗ್ಗೆ ಹುಡುಗನನ್ನು ಕೇಳಿದೆ. ಕಡಲ ನೀರನ್ನೇ ಉಪ್ಪು ತೆಗೆದು ಮಾಡಿಕೊಳ್ಳುತ್ತಾರಂತೆ, ಬಂದರಿನ ಹೊಲಸು ನೀರಿನಿಂದ ದೂರ ಹೋದ ಮೇಲೆ ಮಾತ್ರ. ಸಿಡಿಸಿ ನಿಯಮದಲ್ಲಿ ಕಟ್ಟಕಡೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು, ಅದನ್ನು ಯಂತ್ರ ಸದಾ ದಾಖಲಿಸುತ್ತಿರಬೇಕು. ಪೈಪಿನಲ್ಲಿ ನೀರಿನ ಒತ್ತಡ ಎಂದೂ ನಿಲ್ಲುವುದಿಲ್ಲ.

ಒತ್ತಡದ ಮಾತು ಬಂದಾಗ ನಮ್ಮೂರಿನ ಅಧ್ಯಯನ ಹೇಳಲೇಬೇಕು. ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಿಗೆ ದಿನದ 24 ತಾಸೂ ನೀರು ಬರುವ ಹಾಗೆ ಮಾಡಿದ ಮೇಲೆ, ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿಗೆ ಬಂದು ನಳದ ನೀರು ಹಿಡಿದು ಪರೀಕ್ಷೆ ಮಾಡಿದರು. ಬಿಟ್ಟು ಬಿಟ್ಟು ನೀರು ಬರುವ ನಳಗಳ ಮಾದರಿಯಲ್ಲಿ ಶೇ. 31.7ರಲ್ಲಿ ಇ-ಕೊಲೈ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮಲದ ಗುರುತು ಅದು. 24 ತಾಸಿನ ನಳಗಳಲ್ಲಿ ಶೇ. 0.7 ಮಾತ್ರ. ಕಾರಣ ಸರಳ. ನೀರು ನಿಂತಾಗ ಪೈಪು ಖಾಲಿ. ಖಾಲಿ ಪೈಪು ಸುತ್ತಲಿನ ಮಣ್ಣಿನ ತೇವವನ್ನು, ಪಕ್ಕದ ಚರಂಡಿಯದನ್ನೂ, ಸೀಳಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡಕ್ಕೆ ಬೀಳುವುದು ಅದೇ. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 3,922 ಮನೆ ನೋಡಿದರು. 24 ತಾಸಿನ ವಾರ್ಡುಗಳಲ್ಲಿ ಟೈಫಾಯಿಡ್ ಕಂಡ ಮನೆಗಳು ಶೇ. 42 ಕಡಿಮೆ. ಮಕ್ಕಳ ಸಾಮಾನ್ಯ ಭೇದಿಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭೇದಿ ನೀರಿನಿಂದಷ್ಟೇ ಬರುವುದಿಲ್ಲ, ಕೈಯಿಂದ, ನೆಲದಿಂದ, ತುಂಬಿಟ್ಟ ಪಾತ್ರೆಯಿಂದಲೂ ಬರುತ್ತದೆ. ಎರಡೂ ಬಗೆಯ ವಾರ್ಡುಗಳಲ್ಲಿ ನಳದ ನೀರಿಗಿಂತ ಮನೆಯಲ್ಲಿ ತುಂಬಿಟ್ಟ ನೀರೇ ಹೆಚ್ಚು ಕೆಟ್ಟಿತ್ತು.

ಅವನು ರಜೆ ಮುಗಿಸಿ ಹೊರಡುವ ಹಿಂದಿನ ದಿನ ನಮ್ಮ ಓಣಿಗೆ ನೀರು ಬಂತು. ಐದು ದಿನದ ಮೇಲೆ. ನಾನು ಹೋದಾಗ ತಾಯಿ ನಳದ ಬಾಯಿಗೆ ಹಳೇ ಸೀರೆಯ ತುಂಡು ಕಟ್ಟುತ್ತಿದ್ದರು. ಕೆಂಪು ನೀರು ಬುಸುಬುಸು ಬರುತ್ತಿತ್ತು. ಹುಡುಗ ಮೊದಲ ಎರಡು ಬಕೆಟ್ ಗಿಡಗಳಿಗೆ ಸುರಿದ. ನೀರು ತಿಳಿಯಾದ ಮೇಲೆ ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದ.

"ಕ್ಲೋರಿನ್ ವಾಸನೀನ ಇಲ್ಲಬೇ."

"ಅರಬಿ ಕಟ್ಟೇನಲ್ಲೋ."

"ಅರಬ್ಯಾಗ ಎಲ್ಲಾ ನಿಂದ್ರೂದಿಲ್ಲ. ಕುಡ್ಯಾಕ ಕುದಸೂದ ಬಿಡಬ್ಯಾಡ."

ಅವರು ಒಂದು ಕ್ಷಣ ಅವನ ಸುಲಿದ ಬೆರಳು ನೋಡಿದರು. ಆಮೇಲೆ ದೊಡ್ಡ ಪಾತ್ರೆ ತೆಗೆದು ಒಲೆಯ ಮೇಲಿಟ್ಟರು.